ದಾಕ್ಷಿಣ್ಯಕ್ಕೆ ಸಿಕ್ಕ ಚಿನ್ನದ ಗೋಳ

2023ರ ಜನವರಿ 11ರ ಬೆಳಿಗ್ಗೆ ಕಾಫಿ ಆರಿ ತಣ್ಣಗಾಗುತ್ತಿದ್ದರೂ ನಾನು ಫೋನಿನ ಪರದೆಯಿಂದ ಕಣ್ಣು ಕೀಳಲಿಲ್ಲ. ಅಮೆರಿಕದಲ್ಲಿ ಆಗಿನ್ನೂ ಹತ್ತನೇ ತಾರೀಖಿನ ಸಂಜೆ. ಬೆವರ್ಲಿ ಹಿಲ್ಟನ್ ಹೋಟೆಲ್ಲಿನ ವೇದಿಕೆಯ ಮೇಲೆ ಎಂ.ಎಂ. ಕೀರವಾಣಿ ನಿಂತಿದ್ದರು. 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು' ಹಾಡಿಗೆ ಗೋಲ್ಡನ್ ಗ್ಲೋಬ್ ಬಂದಿತ್ತು. ಎದುರಿಗೆ ಸ್ಪರ್ಧೆಯಲ್ಲಿದ್ದವರು ಟೇಲರ್ ಸ್ವಿಫ್ಟ್, ಲೇಡಿ ಗಾಗಾ, ರಿಹಾನ್ನಾ. ತೆಲುಗು ಹಾಡೊಂದು ಇವರನ್ನೆಲ್ಲ ದಾಟಿ ಹೋಯಿತಲ್ಲ ಎಂದು ಕಣ್ಣು ತುಂಬಿ ಬಂತು. ಎ.ಆರ್. ರೆಹಮಾನ್ 2009ರಲ್ಲಿ ಇದೇ ಪ್ರಶಸ್ತಿ ಹಿಡಿದದ್ದು ನೆನಪಾಯಿತು. ಅದಕ್ಕೂ ಅರ್ಧ ಶತಮಾನ ಹಿಂದೆ, 1959ರಲ್ಲಿ, ಶಾಂತಾರಾಂ ಅವರ 'ದೋ ಆಂಖೇಂ ಬಾರಹ್ ಹಾಥ್' ಚಿತ್ರಕ್ಕೆ ಅಲ್ಲಿ ಗೌರವ ಸಿಕ್ಕಿದ್ದನ್ನು ಎಲ್ಲೋ ಓದಿದ್ದೂ ನೆನಪಾಯಿತು.

ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮೆಸೇಜ್ ಬಂತು. ನಾವಿಬ್ಬರೂ ಒಂದು ಕಾಲಕ್ಕೆ ಸಿನಿಮಾ ಪುಟ ಮಾಡುತ್ತಿದ್ದವರು. "ಇದನ್ನ ಕೊಡೋರು ನಮ್ಮೋರೇ ಅಲ್ವಾ? ಸಿನಿಮಾ ವರದಿಗಾರರು?"

ಹೌದು, ನಮ್ಮವರೇ. ಲಾಸ್ ಏಂಜಲೀಸಿನಲ್ಲಿ ಕೂತು ಬೇರೆ ಬೇರೆ ದೇಶಗಳ ಪತ್ರಿಕೆಗಳಿಗೆ ಬರೆಯುವ ಸಿನಿಮಾ ಪತ್ರಕರ್ತರ ಸಂಘ ಅದು: ಹಾಲಿವುಡ್ ಫಾರಿನ್ ಪ್ರೆಸ್ ಅಸೋಸಿಯೇಷನ್. ಅವತ್ತು ಸಂಭ್ರಮದಲ್ಲಿ ಮೆಸೇಜಿಗೆ ಒಂದು ನಗುಮುಖ ಕಳಿಸಿ ಸುಮ್ಮನಾದೆ. ಆದರೆ ಮಾತು ಒಳಗೆ ಉಳಿದುಹೋಯಿತು. ಕೀರವಾಣಿಯವರ ಕೈಗೆ ಆ ಚಿನ್ನದ ಗೋಳ ಕೊಟ್ಟ ಸಂಘ ಆ ಹೊತ್ತಿಗಾಗಲೇ ಒಳಗಿನಿಂದ ಕುಸಿದಿತ್ತು. ಅದಾದ ಐದೇ ತಿಂಗಳಿಗೆ ಬಾಗಿಲನ್ನೂ ಹಾಕಿತು.

ಆ ಕುಸಿತದ ಕಥೆಯನ್ನು ಎಲ್ಲರೂ ಲಂಚದ ಕಥೆ, ಜನಾಂಗಭೇದದ ಕಥೆ ಎಂದೇ ಹೇಳುತ್ತಾರೆ. ಅವೆರಡೂ ಅದರಲ್ಲಿವೆ. ಆದರೆ ನನಗೆ ಅದು ಬಹುಮಟ್ಟಿಗೆ ದಾಕ್ಷಿಣ್ಯದ ಕಥೆಯಾಗಿ ಕಾಣುತ್ತದೆ. ಲಂಚ ತೆಗೆದುಕೊಳ್ಳುವವನಿಗೆ ತಾನು ತೆಗೆದುಕೊಳ್ಳುತ್ತಿರುವುದು ಏನೆಂದು ಗೊತ್ತಿರುತ್ತದೆ. ದಾಕ್ಷಿಣ್ಯಕ್ಕೆ ಒಳಗಾದವನಿಗೆ ಅದು ಗೊತ್ತೇ ಆಗುವುದಿಲ್ಲ. ತಾನು ಒಳ್ಳೆಯವನು, ಸ್ನೇಹಜೀವಿ, ನಾಲ್ಕು ಜನಕ್ಕೆ ಬೇಕಾದವನು ಎಂದೇ ಅವನು ತಿಳಿದಿರುತ್ತಾನೆ. ನಾನೂ ಹಾಗೆಯೇ ತಿಳಿದಿದ್ದೆ.

ಸಂಘ ಹುಟ್ಟಿದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಹಾಲಿವುಡ್‌ನಲ್ಲಿದ್ದ ಪರದೇಶದ ಬಾತ್ಮೀದಾರರು ಆಗ ಬೆರಳೆಣಿಕೆಯಷ್ಟು. ದೊಡ್ಡ ಅಮೆರಿಕನ್ ಪತ್ರಿಕೆಯ ವರದಿಗಾರನಿಗೆ ಸ್ಟುಡಿಯೋ ಗೇಟು ತಾನಾಗಿ ತೆರೆಯುತ್ತಿತ್ತು. ದೂರದ ಯಾವುದೋ ಊರಿನ, ಯಾವುದೋ ಭಾಷೆಯ ಪತ್ರಿಕೆಗೆ ಬರೆಯುವವನನ್ನು ಯಾರು ಕೇಳಬೇಕು? ಒಬ್ಬೊಬ್ಬರಾಗಿ ಹೋದರೆ ಆಗದ ಕೆಲಸ ಒಟ್ಟಾಗಿ ಹೋದರೆ ಆದೀತು ಎಂದು ಸಂಘ ಕಟ್ಟಿಕೊಂಡರು. ಸುದ್ದಿ ಹಂಚಿಕೊಳ್ಳುವುದು, ಪರಿಚಯ ಹಂಚಿಕೊಳ್ಳುವುದು ಅವರ ಉದ್ದೇಶ. ಧರ್ಮ, ಜನಾಂಗಗಳ ಭೇದವಿಲ್ಲದ ಒಗ್ಗಟ್ಟು ಎಂಬುದು ಅವರ ಧ್ಯೇಯವಾಕ್ಯ. ಭಾಷಾ ಪತ್ರಿಕೆಯಲ್ಲಿ ಕೆಲಸ ಮಾಡಿದ ನನಗೆ ಇದೆಲ್ಲ ಹೃದಯಕ್ಕೆ ಹತ್ತಿರ. ಇಂಗ್ಲಿಷ್ ಪತ್ರಿಕೆಯವರಿಗೆ ಮುಂದಿನ ಸಾಲಿನ ಕುರ್ಚಿ, ನಮಗೆ ಹಿಂದಿನದು ಎಂಬುದನ್ನು ಕಂಡುಂಡವರಿಗೆ ಅಂಥ ಸಂಘದ ಬೆಲೆ ಗೊತ್ತು.

1944ರ ಜನವರಿಯಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದಲ್ಲಿ ಒಂದು ಸಾದಾ ಊಟದ ಕೂಟ ಮಾಡಿ ಮೊದಲ ಪ್ರಶಸ್ತಿ ಕೊಟ್ಟರು. 'ದ ಸಾಂಗ್ ಆಫ್ ಬರ್ನಡೆಟ್' ಅತ್ಯುತ್ತಮ ಚಿತ್ರ, ಅದರ ನಾಯಕಿ ಜೆನಿಫರ್ ಜೋನ್ಸ್ ಅತ್ಯುತ್ತಮ ನಟಿ, ಪಾಲ್ ಲೂಕಾಸ್ ನಟ. ಗೋಳ ಅನ್ನುವುದು ಆಗಿನ್ನೂ ಇರಲಿಲ್ಲ. ಗೆದ್ದವರ ಕೈಗೆ ಬಂದದ್ದು ಸುರುಳಿ ಸುತ್ತಿದ ಕಾಗದ. ಆ ಕಾಗದದ ಸುರುಳಿ ನನಗೆ ಬಹಳ ಇಷ್ಟ. ಬರೆಯುವವರು ಕೊಡಬಹುದಾದ ಸರಿಯಾದ ಬಹುಮಾನ ಅದು. ನಮ್ಮ ಹತ್ತಿರ ಇರುವುದು ಕಾಗದ ಮಾತ್ರ. ಅದರ ಮೇಲೆ ಬರೆದದ್ದಕ್ಕೆ ಬೆಲೆ ಬಂದರೆ ಅದು ನಮ್ಮ ಮಾತಿಗೆ ಬಂದ ಬೆಲೆ.

ಆಮೇಲೆ ಗೋಳ ಬಂತು. 1950ರಲ್ಲಿ ಸಂಘ ಒಡೆದು ಎರಡಾಯಿತು, ಎರಡೂ ಬಣಗಳು ಬೇರೆ ಬೇರೆ ಪ್ರಶಸ್ತಿ ಕೊಟ್ಟವು, 1955ರಲ್ಲಿ ಮತ್ತೆ ಕೂಡಿಕೊಂಡವು. 1961ರಿಂದ ಸಮಾರಂಭಕ್ಕೆ ಬೆವರ್ಲಿ ಹಿಲ್ಟನ್ ಕಾಯಂ ಜಾಗವಾಯಿತು. ಆಸ್ಕರ್‌ನಲ್ಲಿ ಎಲ್ಲರೂ ಥಿಯೇಟರಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಇಲ್ಲಿ ದುಂಡು ಮೇಜು, ಊಟ, ಷಾಂಪೇನ್, ಪಕ್ಕದ ಮೇಜಿನವರ ಜೊತೆ ಹರಟೆ. ಕ್ಯಾಮೆರಾ ತಿರುಗಿದ ಕಡೆಯೆಲ್ಲ ತಾರೆಯರ ನಗು. ಟೀವಿಗೆ ಅದು ಬಲು ರುಚಿಯಾಯಿತು.

ಟೀವಿ ಬಂದಮೇಲೆ ದುಡ್ಡು ಬಂತು. ಗೊಂದಲವೂ ಬಂತು. ಪ್ರಸಾರದ ಮೇಲ್ವಿಚಾರಣೆ ನಡೆಸುವ ಅಮೆರಿಕದ ಕೇಂದ್ರೀಯ ಆಯೋಗ 1968ರಲ್ಲೇ ಒಂದು ತಕರಾರು ಎತ್ತಿತು. ಗೆದ್ದವರನ್ನು ಹೇಗೆ ಆರಿಸುತ್ತಾರೆ ಎಂಬ ಬಗ್ಗೆ ನೋಡುಗರನ್ನು ದಾರಿ ತಪ್ಪಿಸಲಾಗುತ್ತಿದೆ ಎಂಬುದು ಅದರ ಆಕ್ಷೇಪ. ಸಮಾರಂಭಕ್ಕೆ ಬಾರದಿದ್ದರೆ ಪ್ರಶಸ್ತಿ ಬೇರೆಯವರ ಪಾಲಾಗುತ್ತದೆ ಎಂದು ಗೆದ್ದವರಿಗೆ ಹೇಳಲಾಗುತ್ತಿತ್ತು ಎಂಬ ಆರೋಪವೂ ಇತ್ತು. ಎನ್‌ಬಿಸಿ ವಾಹಿನಿ ಕೆಲವು ವರ್ಷ ಪ್ರಸಾರ ಕೈಬಿಟ್ಟಿತು.

1982ರದ್ದು ಇನ್ನೂ ದೊಡ್ಡ ಹಗರಣ. ಆ ವರ್ಷದ ಹೊಸ ತಾರೆ ಎಂದು ಪಿಯಾ ಝಡೋರಾ ಎಂಬ ನಟಿಗೆ ಪ್ರಶಸ್ತಿ ಬಂತು. ಸ್ಪರ್ಧೆಯಲ್ಲಿದ್ದವರು ಕ್ಯಾಥ್ಲೀನ್ ಟರ್ನರ್, ಎಲಿಜಬೆತ್ ಮೆಕ್‌ಗವರ್ನ್. ಝಡೋರಾ ಅವರ ಪತಿ ಕೋಟ್ಯಧಿಪತಿ. ಮತದಾನಕ್ಕೆ ಮುಂಚೆ ಅವರು ಸಂಘದ ಸದಸ್ಯರನ್ನು ಲಾಸ್ ವೇಗಾಸ್‌ನ ತಮ್ಮ ಕ್ಯಾಸಿನೋಗೆ ಕರೆಸಿಕೊಂಡು ಉಪಚಾರ ಮಾಡಿದ್ದರು. ಸಿಬಿಎಸ್ ವಾಹಿನಿ ಪ್ರಸಾರದಿಂದ ಹಿಂದೆ ಸರಿಯಿತು. 1999ರಲ್ಲಿ ಶರನ್ ಸ್ಟೋನ್ ನಟಿಸಿದ ಚಿತ್ರವೊಂದರ ಪ್ರಚಾರದ ವೇಳೆ ಸದಸ್ಯರಿಗೆಲ್ಲ ಕೈಗಡಿಯಾರಗಳು ಬಂದವು. ಸುದ್ದಿಯಾದ ಮೇಲೆ ಸಂಘವೇ ಅವನ್ನು ವಾಪಸ್ ಮಾಡಿಸಿತು.

ಇವನ್ನೆಲ್ಲ ಓದುವಾಗ ಮೊದಮೊದಲು 'ಛೀ' ಅನ್ನುತ್ತಿದ್ದೆ. ಆಮೇಲೆ ಹಾಗೆ ಅನ್ನುವುದು ನಿಂತಿತು. ಅದು ನಿಂತದ್ದು ಯಾಕೆ ಎಂದರೆ ನನ್ನದೇ ಒಂದು ಸಂಗತಿ ಹೇಳಬೇಕು.

ನಾನು ಸಿನಿಮಾ ಪುಟದಲ್ಲಿದ್ದ ಕಾಲಕ್ಕೆ ನಾವು ಕೆಲವು ಪತ್ರಕರ್ತರು ಸೇರಿಕೊಂಡು ಒಂದು ಸಣ್ಣ ಪ್ರಶಸ್ತಿ ನಡೆಸುತ್ತಿದ್ದೆವು. ಒಂದು ವರ್ಷ ತೀರ್ಪುಗಾರರ ಪೈಕಿ ನಾನೂ ಒಬ್ಬ. ಆ ವರ್ಷವೇ ಒಂದು ಚಿತ್ರತಂಡ ನಮ್ಮನ್ನು ಚಿತ್ರೀಕರಣದ ಜಾಗಕ್ಕೆ ಕರೆದುಕೊಂಡು ಹೋಗಿತ್ತು. ಎರಡು ದಿನ ಇದ್ದೆವು. ನಿರ್ದೇಶಕರು ಹೊಸಬರು, ಅದು ಅವರ ಮೊದಲ ಸಿನಿಮಾ. ರಾತ್ರಿ ಎಲ್ಲರಿಗೂ ತಾವೇ ನಿಂತು ಬಡಿಸಿದರು. ನನಗೆ ನೆಗಡಿಯಾಗಿದೆ ಎಂದು ಗೊತ್ತಾದಾಗ ಬಿಸಿನೀರು ಕಾಯಿಸಿ ತಂದುಕೊಟ್ಟರು. ಹೊರಡುವಾಗ ಕವರೂ ಇಲ್ಲ, ಗಿಫ್ಟೂ ಇಲ್ಲ. ಅವರ ಹತ್ತಿರ ಅದಕ್ಕೆಲ್ಲ ದುಡ್ಡೂ ಇರಲಿಲ್ಲ. ಕೊಟ್ಟಿದ್ದರೆ ನಾನು ಖಂಡಿತ ಬೇಡವೆನ್ನುತ್ತಿದ್ದೆ. ಹಿಂದೆಯೂ ಎಷ್ಟೋ ಸಲ ಬೇಡವೆಂದಿದ್ದೆ. ಆ ವಿಷಯದಲ್ಲಿ ನನಗೆ ನನ್ನ ಬಗ್ಗೆ ಹೆಮ್ಮೆಯಿತ್ತು.

ಸಿನಿಮಾ ತೆರೆಗೆ ಬಂದ ರಾತ್ರಿ ವಿಮರ್ಶೆ ಬರೆಯಲು ಕೂತೆ. ಮೊದಲರ್ಧ ಚೆನ್ನಾಗಿತ್ತು. ಇಂಟರ್‌ವಲ್ ಆದಮೇಲೆ ಚಿತ್ರ ಕೈತಪ್ಪಿತ್ತು. ಅದು ಯಾಕೆ ಕೈತಪ್ಪಿತು ಎಂಬುದನ್ನು ಒಂದೇ ಸಾಲಿನಲ್ಲಿ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ, ಥಿಯೇಟರಿನ ಕತ್ತಲಲ್ಲೇ, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಓದಿದೆ. ಆ ಬಿಸಿನೀರಿನ ಲೋಟ ಕಣ್ಣ ಮುಂದೆ ಬಂತು. ಸಾಲನ್ನು ಅಳಿಸಿದೆ. 'ದ್ವಿತೀಯಾರ್ಧ ಇನ್ನಷ್ಟು ಬಿಗಿಯಾಗಿರಬಹುದಿತ್ತು' ಎಂದು ಬರೆದೆ. ಈ ಮಾತನ್ನು ಯಾವ ಸಿನಿಮಾದ ಬಗ್ಗೆ ಬೇಕಾದರೂ ಬರೆಯಬಹುದು. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಯಾರೂ ನನಗೆ ಫೋನ್ ಮಾಡಿರಲಿಲ್ಲ. ಯಾರೂ ಒಂದು ಮಾತು ಕೇಳಿರಲಿಲ್ಲ. ತೀರ್ಪುಗಾರರ ಸಭೆಯಲ್ಲಿ ಚಿತ್ರಕಥೆಯ ಮಾತು ಬಂದಾಗ ನಾನು ಆ ಸಿನಿಮಾದ ಪರ ಮಾತಾಡಿದೆ. ಪ್ರಾಮಾಣಿಕವಾಗಿಯೇ ಮಾತಾಡಿದೆ ಎಂದು ಆಗ ಅನಿಸಿತ್ತು.

ಹಾಗಾಗಿ 2021ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ತನಿಖಾ ವರದಿ ಬಂದಾಗ ಅದನ್ನು ಬೇರೆ ಥರ ಓದಿದೆ. ಸಂಘದ ಸದಸ್ಯರು ಆಗ 87 ಮಂದಿ. ಅವರಲ್ಲಿ ಒಬ್ಬರೂ ಕಪ್ಪುವರ್ಣೀಯರಿಲ್ಲ. ಭೇದವಿಲ್ಲದ ಒಗ್ಗಟ್ಟು ಎಂದು ಧ್ಯೇಯವಾಕ್ಯ ಇಟ್ಟುಕೊಂಡ ಸಂಘವಿದು! 2019ರಲ್ಲಿ 30ಕ್ಕೂ ಹೆಚ್ಚು ಸದಸ್ಯರು 'ಎಮಿಲಿ ಇನ್ ಪ್ಯಾರಿಸ್' ಸರಣಿಯ ಚಿತ್ರೀಕರಣ ನೋಡಲೆಂದು ಪ್ಯಾರಿಸ್ಸಿಗೆ ಹೋಗಿ ಪಂಚತಾರಾ ಹೋಟೆಲ್ಲಿನಲ್ಲಿ ಎರಡು ರಾತ್ರಿ ತಂಗಿದ್ದರು. 2021ರ ಪ್ರಶಸ್ತಿಯಲ್ಲಿ ಆ ಸರಣಿಗೆ ಎರಡು ನಾಮನಿರ್ದೇಶನ ಸಿಕ್ಕವು. ಅದೇ ವರ್ಷ ಮಿಕೇಲಾ ಕೋಲ್ ಬರೆದು ನಟಿಸಿದ, ಎಲ್ಲೆಡೆ ಹೊಗಳಿಕೆ ಪಡೆದ 'ಐ ಮೇ ಡಿಸ್ಟ್ರಾಯ್ ಯೂ' ಸರಣಿಗೆ ಒಂದೂ ಇಲ್ಲ. ಪ್ಯಾರಿಸ್ಸಿನ ಹೋಟೆಲ್ಲಿನಲ್ಲಿ ಯಾರೋ ಇವರ ಕಿವಿಯಲ್ಲಿ 'ಮತ ಹಾಕಿ' ಎಂದು ಉಸುರಿರಲಾರರು. ಉಸುರುವ ಅಗತ್ಯವೇ ಇರುವುದಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ಮನುಷ್ಯನ ಮೂಳೆಯೊಳಗೆ ಇಳಿದಿರುವ ಮಾತು. ಒಳ್ಳೆಯ ಮಾತೇ. ಆದರೆ ವರದಿಗಾರನ ಕೆಲಸದಲ್ಲಿ ಆ ಒಳ್ಳೆಯತನವೇ ಕಾಲು ತೊಡರಿಸುತ್ತದೆ.

87 ಎಂಬ ಅಂಕಿಯನ್ನು ಸ್ವಲ್ಪ ಗಮನಿಸಿ. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತದಾರರು ಒಂಬತ್ತು ಸಾವಿರಕ್ಕೂ ಹೆಚ್ಚು. ಅಷ್ಟು ಜನರಿಗೆ ಬಿಸಿನೀರು ಕಾಯಿಸಿಕೊಡಲು ಯಾವ ಸ್ಟುಡಿಯೋಗೂ ಆಗುವುದಿಲ್ಲ. 87 ಮಂದಿಯಾದರೆ ಒಂದು ಚಿಕ್ಕ ಚಿತ್ರಮಂದಿರದಲ್ಲಿ ಕೂರಿಸಬಹುದು, ಒಬ್ಬೊಬ್ಬರ ಹೆಸರೂ ನೆನಪಿಟ್ಟುಕೊಳ್ಳಬಹುದು. ಅವರಿಗೆಂದೇ ಪ್ರತ್ಯೇಕ ಸುದ್ದಿಗೋಷ್ಠಿಗಳು ನಡೆಯುತ್ತಿದ್ದವು. ಅದು ಮುಗಿದ ಮೇಲೆ ತಾರೆಯರು ನಿಂತು ಸದಸ್ಯರ ಜೊತೆ ಒಂದೊಂದೇ ಫೋಟೋ ತೆಗೆಸಿಕೊಳ್ಳುವ ರೂಢಿಯಿತ್ತು. ಆ ಗೋಷ್ಠಿಗಳಲ್ಲಿ ತಮಗೆ ಎದುರಾದ ಪ್ರಶ್ನೆಗಳು ಹೆಣ್ಣನ್ನು ಕೀಳಾಗಿ ಕಾಣುವಂಥವು, ಕಿರುಕುಳದ ಅಂಚಿನವು ಎಂದು ಸ್ಕಾರ್ಲೆಟ್ ಜೊಹಾನ್ಸನ್ 2021ರ ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿದರು.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೋಟೆಲ್ಲೂ ಅಲ್ಲ, ಫೋಟೋವೂ ಅಲ್ಲ. ದುಡ್ಡಿನ ಲೆಕ್ಕ. ಟೀವಿ ಹಕ್ಕಿನಿಂದ ಕೋಟಿಗಟ್ಟಲೆ ಡಾಲರ್ ಬರುತ್ತಿತ್ತು. ಅದರಲ್ಲಿ ಒಂದು ಪಾಲು ಸಿನಿಮಾ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ, ಹಳೆಯ ಚಿತ್ರಗಳನ್ನು ಉಳಿಸುವ ಕೆಲಸಕ್ಕೆ ಹೋಗುತ್ತಿತ್ತು. ಅದು ದೊಡ್ಡ ಕೆಲಸ, ಅದನ್ನು ಮರೆಯಬಾರದು. ಇನ್ನೊಂದು ಪಾಲು ಸದಸ್ಯರಿಗೇ ಬರುತ್ತಿತ್ತು. 2020ರ ಜೂನ್‌ಗೆ ಮುಗಿದ ಒಂದು ಹಣಕಾಸು ವರ್ಷದಲ್ಲಿ ಸದಸ್ಯರಿಗೆಂದು ಮಂಜೂರಾದ ಮೊತ್ತ ಹತ್ತಿರ ಹತ್ತಿರ 20 ಲಕ್ಷ ಡಾಲರ್. ಈ ಸಮಿತಿಯಲ್ಲಿ ಕೂತದ್ದಕ್ಕೆ ಇಷ್ಟು, ಆ ಸಮಿತಿಗೆ ವಿದೇಶಿ ಚಿತ್ರ ನೋಡಿದ್ದಕ್ಕೆ ಇಷ್ಟು.

ಈ ಲೆಕ್ಕದ ಹಿಂದಿರುವ ಬದುಕು ನನಗೆ ಕಾಣುತ್ತದೆ. ಪತ್ರಿಕೆಗಳು ಪುಟ ಕಡಿಮೆ ಮಾಡುತ್ತಿವೆ. ಪರದೇಶದ ಬಾತ್ಮೀದಾರನಿಗೆ ಒಂದು ಲೇಖನಕ್ಕೆ ಸಿಗುವುದು ಪುಡಿಗಾಸು. ಸದಸ್ಯರಲ್ಲಿ ಹಲವರು ವಯಸ್ಸಾದವರು, ಕಾಯಂ ನೌಕರಿ ಇಲ್ಲದವರು. ಬರೆದರೆ ಬಾಡಿಗೆ ಕಟ್ಟಲಾಗದು, ಸದಸ್ಯತ್ವ ಇದ್ದರೆ ಕಟ್ಟಬಹುದು. ಹೀಗಾದಾಗ ಬರಹ ಸದಸ್ಯತ್ವ ಉಳಿಸಿಕೊಳ್ಳಲು ಸಲ್ಲಿಸುವ ಒಂದು ದಾಖಲೆಯಾಗಿಬಿಡುತ್ತದೆ. ಬರೆಯುವವರು ಹುಟ್ಟುಹಾಕಿದ ಪ್ರಶಸ್ತಿಯೇ ಬರೆಯುವವರಿಗೆ ಅನ್ನ ಹಾಕತೊಡಗಿತು. ಅನ್ನ ಹಾಕುವ ಕೈಯ ಮುಂದೆ ಬಾಗಿಲು ಕಾಯುವುದು ಸಹಜ. ನಾರ್ವೆಯ ಪತ್ರಕರ್ತೆ ಶೆರ್ಸ್ಟಿ ಫ್ಲೋ ಸದಸ್ಯತ್ವ ಕೇಳಿ ಕೇಳಿ ಸಿಗದೆ 2020ರಲ್ಲಿ ನ್ಯಾಯಾಲಯಕ್ಕೆ ಹೋದರು. ತಮ್ಮ ದೇಶದ ಮಾರುಕಟ್ಟೆಗೆ ಪೈಪೋಟಿ ಬಾರದಂತೆ ಸದಸ್ಯರು ಹೊಸಬರನ್ನು ಹೊರಗಿಡುತ್ತಾರೆ ಎಂಬುದು ಅವರ ದೂರು. ಕೋರ್ಟು ಅದನ್ನು ವಜಾ ಮಾಡಿತು. ಆದರೆ ಮುಂದಿನ ತಿಂಗಳುಗಳಲ್ಲಿ ಜಗತ್ತು ಸಂಘದ ಕಡೆ ಎತ್ತಿದ ಪ್ರಶ್ನೆಗಳ ಮೊದಲ ಸದ್ದು ಕೇಳಿದ್ದು ಆ ದೂರಿನಲ್ಲೇ. ಗೇಟಿನ ಹೊರಗೆ ನಿಂತವರ ಸಂಕಟಕ್ಕೆಂದು 1943ರಲ್ಲಿ ಹುಟ್ಟಿದ ಸಂಘ ತಾನೇ ಗೇಟಾಗಿ ನಿಂತಿತ್ತು.

ಹಾಗಾದರೆ ಪತ್ರಕರ್ತರು ಪ್ರಶಸ್ತಿಯನ್ನೇ ಕೊಡಬಾರದೇ? ಅದನ್ನು ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನ ವಿಮರ್ಶಕರು 1935ರಿಂದಲೂ ಕೊಡುತ್ತಿದ್ದಾರೆ. ಲಾಸ್ ಏಂಜಲೀಸಿನ ವಿಮರ್ಶಕರು 1975ರಿಂದ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸಂಘ 1966ರಲ್ಲಿ ಶುರುವಾಯಿತು. ಅವರೂ ಕೂತು ಮತ ಹಾಕುತ್ತಾರೆ, ಪಟ್ಟಿ ಹೊರಡಿಸುತ್ತಾರೆ. ಕೋಟಿಗಟ್ಟಲೆಯ ಟೀವಿ ಒಪ್ಪಂದ ಅವರಿಗಿಲ್ಲ. ಸಂಬಳ ಕೊಡುವುದು ಪತ್ರಿಕೆ, ಪ್ರಶಸ್ತಿಯಲ್ಲ. ಸ್ಟುಡಿಯೋಗಳ ಕಣ್ಣಿಗೆ ಬೀಳದ ಎಷ್ಟೋ ಸಣ್ಣ ಚಿತ್ರಗಳು, ಬೇರೆ ಭಾಷೆಯ ಚಿತ್ರಗಳು ಆ ಪಟ್ಟಿಗಳಿಂದ ಬೆಳಕಿಗೆ ಬಂದಿವೆ. ವರ್ಷವಿಡೀ ಸಿನಿಮಾ ನೋಡುವ, ನೋಡಿದ್ದನ್ನು ಬರೆಯುವ ಜನ ವರ್ಷದ ಕೊನೆಗೆ 'ಇದು ಚೆನ್ನಾಗಿತ್ತು' ಎಂದು ಒಟ್ಟಾಗಿ ಹೇಳುವುದಕ್ಕೆ ತೂಕವಿದೆ. ಆದರೆ ಆ ತೂಕ ಬರುವುದು ವರ್ಷವಿಡೀ 'ಇದು ಚೆನ್ನಾಗಿಲ್ಲ' ಎಂದೂ ಹೇಳಿದ್ದರೆ ಮಾತ್ರ.

ಚೆನ್ನಾಗಿರುವುದನ್ನು ಗುರುತಿಸುವಲ್ಲೂ ಹಾಲಿವುಡ್ಡಿನ ಆ ಸಂಘ ತನ್ನ ನಿಯಮಕ್ಕೆ ತಾನೇ ಸಿಕ್ಕಿಕೊಂಡ ಸಂದರ್ಭವೊಂದಿದೆ. 'ಮಿನಾರಿ' ಅಮೆರಿಕದಲ್ಲಿ ತೆಗೆದ, ಅಮೆರಿಕದ ನೆಲದಲ್ಲಿ ಬೇಸಾಯಕ್ಕೆ ಇಳಿದ ಕೊರಿಯನ್ ಕುಟುಂಬದ ಕಥೆ. ನಿರ್ದೇಶಕ ಲೀ ಐಸಾಕ್ ಚುಂಗ್ ಅಮೆರಿಕದವರು. ಮಾತುಗಳು ಹೆಚ್ಚಾಗಿ ಕೊರಿಯನ್ ಭಾಷೆಯಲ್ಲಿವೆ ಎಂಬ ಕಾರಣಕ್ಕೆ ಅದನ್ನು ವಿದೇಶಿ ಭಾಷೆಯ ವಿಭಾಗಕ್ಕೆ ತಳ್ಳಿದರು. ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಅದು ಬರುವಂತಿರಲಿಲ್ಲ. 2021ರಲ್ಲಿ ವಿದೇಶಿ ಭಾಷೆಯ ಪ್ರಶಸ್ತಿ ಅದಕ್ಕೇ ಬಂತು. ಪರಭಾಷೆಯ ಪತ್ರಿಕೆಗಳಿಗೆ ಬರೆದು ಬದುಕಿದವರ ಸಂಘವೇ ಹೀಗೆ ಮಾಡಿತಲ್ಲ ಎಂದು ನನಗೆ ನೋವಾಯಿತು.

ಮುಂದಿನದು ಬೇಗ ಬೇಗ ನಡೆದುಹೋಯಿತು. 2021ರ ಮೇ 10ರಂದು ಎನ್‌ಬಿಸಿ ಮುಂದಿನ ವರ್ಷ ಪ್ರಸಾರ ಮಾಡುವುದಿಲ್ಲ ಎಂದಿತು. ಅದೇ ದಿನ ಟಾಮ್ ಕ್ರೂಸ್ ತಾವು ಗೆದ್ದಿದ್ದ ಮೂರೂ ಗೋಳಗಳನ್ನು ಹಿಂದಿರುಗಿಸಿದ ಸುದ್ದಿ ಬಂತು. ಅಕ್ಟೋಬರಿನಲ್ಲಿ 21 ಹೊಸ ಸದಸ್ಯರನ್ನು ತೆಗೆದುಕೊಂಡರು, ಅವರಲ್ಲಿ ಆರು ಮಂದಿ ಕಪ್ಪುವರ್ಣೀಯರು. 2022ರ ಜನವರಿ 9ರ ಸಮಾರಂಭಕ್ಕೆ ತಾರೆಯರಿಲ್ಲ, ಟೀವಿ ಇಲ್ಲ, ಕೆಂಪು ಹಾಸಿಲ್ಲ. ಗೆದ್ದವರ ಹೆಸರನ್ನು ಟ್ವಿಟರ್‌ನಲ್ಲಿ ಒಂದೊಂದಾಗಿ ಹಾಕಿದರು. ಎಲ್ಲರೂ ಅದನ್ನು ಅವಮಾನ ಎಂದು ಕಂಡರು. ನನಗೆ ಆ ರಾತ್ರಿ 1944ರ ಊಟದ ಕೂಟಕ್ಕೆ ಹತ್ತಿರವಿದ್ದಂತೆ ಕಂಡಿತು. ತೀರ್ಪು ಮಾತ್ರ ಇತ್ತು.

ಮರುವರ್ಷ ಹೊರದೇಶಗಳಿಂದ ನೂರಕ್ಕೂ ಹೆಚ್ಚು ಹೊಸ ಮತದಾರರನ್ನು ಸೇರಿಸಿಕೊಂಡು ಸಮಾರಂಭ ಟೀವಿಗೆ ಮರಳಿತು. 'ನಾಟು ನಾಟು' ಗೆದ್ದದ್ದು ಆಗಲೇ. 2023ರ ಜೂನ್ 12ರಂದು ಪ್ರಶಸ್ತಿಯನ್ನು ಎಲ್‌ಡ್ರಿಜ್ ಇಂಡಸ್ಟ್ರೀಸ್ ಮತ್ತು ಡಿಕ್ ಕ್ಲಾರ್ಕ್ ಪ್ರೊಡಕ್ಷನ್ಸ್ ಕಂಪನಿಗಳು ಕೊಂಡುಕೊಂಡವು, ಸಂಘ ಮುಚ್ಚಿತು. ಈಗ ಜಗತ್ತಿನ ಹಲವು ದೇಶಗಳ 300ಕ್ಕೂ ಹೆಚ್ಚು ಪತ್ರಕರ್ತರು ಮತ ಹಾಕುತ್ತಾರೆ. 2025ರ ಪ್ರಶಸ್ತಿಗೆ ಪಾಯಲ್ ಕಪಾಡಿಯಾ ನಿರ್ದೇಶಕರ ವಿಭಾಗದಲ್ಲಿ ನಾಮನಿರ್ದೇಶನಗೊಂಡರು, ಆ ವಿಭಾಗದಲ್ಲಿ ಹೆಸರು ಬಂದ ಮೊದಲ ಭಾರತೀಯ ಮಹಿಳೆ ಅವರು. ಮತದಾರರ ಕೋಣೆ ದೊಡ್ಡದಾದಾಗ ದೂರದವರ ದನಿಯೂ ಕೇಳುತ್ತದೆ ಎಂದು ನಂಬಲು ಇದು ನನಗೆ ಸಾಕು. ಪ್ರಶಸ್ತಿ ಕಂಪನಿಯ ಸ್ವತ್ತಾದದ್ದು ಮಾತ್ರ ಇಂದಿಗೂ ಮನಸ್ಸಿಗೆ ಒಗ್ಗಿಲ್ಲ.

ಆ ಹೊಸ ನಿರ್ದೇಶಕರ ವಿಷಯಕ್ಕೆ ಬರುತ್ತೇನೆ. ನಮ್ಮ ಪುಟ್ಟ ಪ್ರಶಸ್ತಿ ಅವರಿಗೇ ಬಂತು. ವೇದಿಕೆಯಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಎರಡು ವರ್ಷ ಬಿಟ್ಟು ಅವರ ಎರಡನೇ ಸಿನಿಮಾ ಬಂತು. ಮೊದಲರ್ಧ ಚೆನ್ನಾಗಿತ್ತು. ಇಂಟರ್‌ವಲ್ ಆದಮೇಲೆ ಅದೇ ಜಾಗದಲ್ಲಿ, ಅದೇ ರೀತಿ ಮುಗ್ಗರಿಸಿತು. ಒಂದು ವಾರಕ್ಕೆ ಎಲ್ಲ ಕಡೆಯಿಂದ ಎತ್ತಿಬಿಟ್ಟರು. ಮನೆ ಅಡವಿಟ್ಟು ಮಾಡಿದ ಸಿನಿಮಾ ಅದು ಎಂದು ಆಮೇಲೆ ಗೊತ್ತಾಯಿತು.

ಒಂದು ರಾತ್ರಿ ಅವರೇ ಫೋನ್ ಮಾಡಿದರು. "ಎಲ್ಲಿ ಎಡವಿದೆ ಅಂತಲೇ ಗೊತ್ತಾಗ್ತಿಲ್ಲ ಸಾರ್. ಮೊದಲ ಪಿಕ್ಚರ್‌ಗೆ ಎಲ್ಲರೂ ಚೆನ್ನಾಗಿದೆ ಅಂದಿದ್ರಿ."

ನಾನು ಫೋನ್ ಹಿಡಿದುಕೊಂಡೇ ಎದ್ದು ಹೋಗಿ ಹಳೆಯ ನೋಟ್‌ಬುಕ್ ಹುಡುಕಿದೆ. ಕತ್ತಲಲ್ಲಿ ಗೀಚಿದ ಆ ಸಾಲು ಓದಲು ಸ್ವಲ್ಪ ಹೊತ್ತು ಹಿಡಿಯಿತು. 'ಇಂಟರ್‌ವಲ್ ತನಕ ಕಥೆ ಆ ಹುಡುಗಿಯದು, ಆಮೇಲೆ ನಾಯಕನಿಗೆ ಹೆದರಿ ಅವಳನ್ನು ಕೈಬಿಟ್ಟಿದ್ದಾರೆ, ಸಿನಿಮಾ ಸತ್ತದ್ದು ಅಲ್ಲೇ.' ಇದ್ದದ್ದನ್ನು ಇದ್ದಹಾಗೆ ಓದಿ ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಎಲ್ಲೋ ಟೀವಿಯ ಸದ್ದು ಕೇಳಿಸುತ್ತಿತ್ತು, ಅದನ್ನು ಯಾರೋ ಆರಿಸಿದರು.

"ಇದನ್ನ ಯಾವಾಗ ಬರೆದಿದ್ರಿ ಸಾರ್?" ಎಂದು ಕೇಳಿದರು.